ಮುಟ್ಟದ ಕಾಫಿ

“ಈ ಮನುಷ್ಯನ ಕಪ್ಪು ಬೂಟು ಎಲ್ಲಿ ಹಾಳಾಗಿ ಹೋಯ್ತು?”

ದಿಲಾ ಮಂಚದ ಕೆಳಗೆ ಅರ್ಧ ಮೈ ತೂರಿಸಿಕೊಂಡೇ ಕೇಳಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ. ಉತ್ತರ ಹೇಳಬೇಕಾದ ಗಂಡ ಪ್ರೆಂದ್ ನಾಲ್ಕು ಬೀದಿಯಾಚೆ, ಶವಸಂಸ್ಕಾರದವರ ತಣ್ಣನೆಯ ಕೋಣೆಯಲ್ಲಿ, ಮಗಳ ಮದುವೆಗೆ ಹೊಲಿಸಿದ್ದ ಸೂಟು ತೊಟ್ಟು ಬರಿಗಾಲಲ್ಲಿ ಮಲಗಿದ್ದ.

ಮಂಚದಡಿ ಸಿಕ್ಕಿದ್ದು ಅವನು ಪಿಜ್ಜಾ ಅಂಗಡಿಗೆ ಹಾಕಿಕೊಂಡು ಹೋಗುತ್ತಿದ್ದ ಜೋಡಿ. ಹಿಟ್ಟು ಹೊಲಿಗೆಯೊಳಗೆಲ್ಲ ಇಳಿದು ಗಟ್ಟಿಯಾಗಿತ್ತು. ಅದನ್ನು ಇದ್ದಲ್ಲಿಗೇ ತಳ್ಳಿ, ಮೊಣಕಾಲು ಹಿಡಿದುಕೊಂಡು ಎದ್ದಳು.

ಮಗಳು ವಿಟೋರೆ ಬಾಗಿಲಲ್ಲಿ ನಿಂತಿದ್ದಳು. “ಅಮ್ಮ, ಅವರು ಹೇಳಿದ್ರಲ್ಲ. ಪೆಟ್ಟಿಗೆ ಮುಚ್ಚಳ ಅರ್ಧ ಮಾತ್ರ ತೆಗೆದಿರ್ತಾರೆ. ಕಾಲು ಯಾರಿಗೂ ಕಾಣಲ್ಲ.”

“ಕಾಣೋದು ನಿಮಗೆ. ನಡೆಯೋನು ಅವನು. ಕಾರಿನ ಡಿಕ್ಕಿ ನೋಡಿದ್ಯಾ?”

“ಡಿಕ್ಕೀಲಿ ಯಾರಾದ್ರೂ ಬೂಟು ಇಡ್ತಾರಾ?”

“ನಿಮ್ಮಪ್ಪ ಇಡ್ತಾನೆ. ಯಾವತ್ತು ವಾಷಿಂಗ್ಟನ್‌ಗೆ ಹೊರಡು ಅಂತಾರೋ ಗೊತ್ತಿಲ್ವಲ್ಲ. ಹೋಗಿ ನೋಡು.”

ವಿಟೋರೆ ಬೀಗದ ಕೈ ತೆಗೆದುಕೊಂಡು ಮೆಟ್ಟಿಲಿಳಿದಳು.

ಹಿಂದಿನ ದಿನ ನಸುಕಿನಲ್ಲಿ ಪ್ರೆಂದ್ ತೀರಿಕೊಂಡಿದ್ದ. ಅಮೆರಿಕದ ಈ ಊರಿನಲ್ಲಿ ಸತ್ತವರನ್ನು ಮೂರು ನಾಲ್ಕು ದಿನ ಇಟ್ಟುಕೊಳ್ಳುವುದು ಯಾರಿಗೂ ಹೊಸದಲ್ಲ. ಜಾಕೋವದ ಕಡೆಯಿಂದ ಬಂದ ಈ ಅಲ್ಬೇನಿಯನ್ನರಿಗೆ ಮಾತ್ರ ಅದು ಸರಿಬರುವುದಿಲ್ಲ. ಇವತ್ತು ಹೋದವನಿಗೆ ನಾಳೆ ಮಣ್ಣು. ಆಸ್ಪತ್ರೆಯಲ್ಲಿ, ಮಾತು ಇನ್ನೂ ನಿಂತಿಲ್ಲದಿದ್ದಾಗ, ಪ್ರೆಂದ್ ಹೆಂಡತಿಯ ಕೈ ಹಿಡಿದು ಒಂದೇ ಒಂದು ಕೇಳಿದ್ದ. “ನನ್ನ ಕಾಯಿಸಬೇಡ, ದಿಲಾ.” ಅವಳು ಮಾತು ಕೊಟ್ಟಿದ್ದಳು. ಅವನ ತಮ್ಮ ಲೂಲಾಶ್ ಪಾದ್ರಿಯ ಹತ್ತಿರ, ಸ್ಮಶಾನದವರ ಹತ್ತಿರ ಗೋಗರೆದು, ಇವತ್ತೇ, ಶನಿವಾರ ಮಧ್ಯಾಹ್ನವೇ, ಮಣ್ಣಿಗೆ ಹೊತ್ತು ಗೊತ್ತುಮಾಡಿ ಬಂದಿದ್ದ.

ದಿಲಾ ತಲೆಯ ಕಪ್ಪು ಬಟ್ಟೆಯನ್ನು ಹಣೆಯವರೆಗೆ ಎಳೆದುಕೊಂಡು ಅಡುಗೆಮನೆಗೆ ಹೋದಳು. ಉದ್ದ ಹಿಡಿಯ ತಾಮ್ರದ ಪಾತ್ರೆಯಲ್ಲಿ ಕಾಫಿ ನೊರೆಯೇಳುತ್ತಿತ್ತು. ಸಾವಿನ ಮನೆಯ ಕಾಫಿಗೆ ಸಕ್ಕರೆಯಿಲ್ಲ; ಸಕ್ಕರೆಯ ಡಬ್ಬಿಯನ್ನು ನಿನ್ನೆಯೇ ಮೇಲಿನ ಗೂಡಿಗೆ ಏರಿಸಿದ್ದಳು.

ನಡುಮನೆಯಲ್ಲಿ ಗಂಡಸರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ಬಂದವರೆಲ್ಲ ಎದೆಯ ಮೇಲೆ ಕೈಯಿಟ್ಟು “ಉಳಿದವರನ್ನ ದೇವರು ಚೆನ್ನಾಗಿಟ್ಟಿರಲಿ” ಎನ್ನುತ್ತಿದ್ದರು. ಲೂಲಾಶ್ ಎದ್ದು ಕೈ ಕೊಟ್ಟು, ಸಿಗರೇಟು ಜೋಡಿಸಿದ ತಟ್ಟೆಯನ್ನು ಮುಂದೆ ಹಿಡಿಯುತ್ತಿದ್ದ. ಕಿಟಕಿಯ ಪಕ್ಕದ ಕುರ್ಚಿಯೊಂದು ಖಾಲಿ ಇತ್ತು. ಪ್ರೆಂದ್ ಕೂರುತ್ತಿದ್ದ ಕುರ್ಚಿ. ಹೊರಗೆ ಬ್ರಾಂಕ್ಸ್‌ನ ಮೇಲ್ಸೇತುವೆಯ ರೈಲು ಹಾದಾಗಲೆಲ್ಲ ಕಪ್ಪುಗಳು ಬಸಿಯ ಮೇಲೆ ಸಣ್ಣಗೆ ನಡುಗುತ್ತಿದ್ದವು.

ಒಳಕೋಣೆಯಿಂದ ಪ್ರೆಂದನ ಅಕ್ಕ ಮ್ರಿಕಾಳ ದನಿ ಬರುತ್ತಿತ್ತು. ಹೆಣ ಎದುರಿಗಿಲ್ಲದಾಗ ಅದರ ಬಟ್ಟೆ ಹರಡಿಕೊಂಡು ಹಾಡಿ ಅಳುವುದು ಅವರ ಕಡೆಯ ಕ್ರಮ. ಮ್ರಿಕಾ ತಮ್ಮನ ಕೋಟನ್ನು ಹಾಸಿಗೆಯ ಮೇಲೆ ಹರಡಿ, ತೋಳುಗಳನ್ನು ನೇವರಿಸುತ್ತ ಹಾಡುತ್ತಿದ್ದಳು.

“ಏಳೋ ನನ್ನ ತಮ್ಮ, ಬಾಗಿಲಿಗೆ ಗಾಡಿ ಬಂತು,
ಗಾಡಿಯ ನಡೆಸುವವ ನೀನಲ್ಲ ಇವತ್ತು.
ದೊರೆಗಳ ಅಂಗಳದಿ ಕೂತೆ ನೀ ಚಳಿಯೊಳಗೆ,
ನಿನ್ನಂಗಳದ ಒಲೆಯು ಆರಿತ್ತು ಊರೊಳಗೆ.”

ಆಗ ಗಾಸ್ಪರ್ ಬಂದ. ಅಲ್ಬೇನಿಯನ್ನರ ಸಂಘದ ಅಧ್ಯಕ್ಷ. ಕೋಟಿನ ಎದೆಯ ಮೇಲೆ ಅವರ ಬಾವುಟದ ಎರಡು ತಲೆಯ ಹದ್ದಿನ ಪುಟ್ಟ ಪದಕ. ಗಂಡಸರು ಎದ್ದುನಿಂತರು. ಅವನ ಕಣ್ಣುಗಳು ಕೆಂಪಾಗಿದ್ದವು. ಗಡ್ಡ ಹೆರೆಯುವಾಗ ಕೈತಪ್ಪಿ ಕೆನ್ನೆ ಕೊಯ್ದುಕೊಂಡಿದ್ದ. ಪ್ರೆಂದನನ್ನು ಅವನು ಅಣ್ಣ ಎನ್ನುತ್ತಿದ್ದ, ಬರೀ ಬಾಯಿಮಾತಿಗಲ್ಲ. ದಿಲಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, “ಅತ್ತಿಗೆ,” ಎಂದವನೇ ಕೂತುಬಿಟ್ಟ.

ದಿಲಾ ತಾನೇ ಕಾಫಿ ತಂದು ಅವನೆದುರಿನ ಚಿಕ್ಕ ಮೇಜಿನ ಮೇಲಿಟ್ಟಳು. ಇಟ್ಟು, ಒಂದು ಗಳಿಗೆ ನಿಂತಳು. ಗಾಸ್ಪರ್ ಸಿಗರೇಟು ತೆಗೆದುಕೊಂಡ. ನೀರು ಕುಡಿದ. ಕಾಫಿಗೆ ಕೈ ಹಾಕಲಿಲ್ಲ.

ಲೂಲಾಶ್ ಅದನ್ನು ನೋಡಿ ಅತ್ತಿಗೆಯ ಮುಖ ನೋಡಿದ. ದಿಲಾ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.

*

ಕೇಳಿಕೆ ಹೊತ್ತು ಮನೆಗೆ ಬಂದವನು ಮುಂದಿಟ್ಟ ಕಾಫಿಯನ್ನು ಮುಟ್ಟುವುದಿಲ್ಲ. ಹೆಣ್ಣು ಕೇಳಲು ಬಂದವನಾಗಲಿ, ಹಗೆ ಬಿಡಿಸಲು ಬಂದವನಾಗಲಿ, ಕಪ್ಪು ಎದುರಿಗಿಟ್ಟುಕೊಂಡು ಕೂರುತ್ತಾನೆ. ಮನೆಯವರು “ಕುಡಿ” ಎಂದರೆ ಕೇಳಿದ್ದು ನಡೆಯಿತು ಎಂದೇ ಅರ್ಥ. ಆ ಮಾತು ಬರುವವರೆಗೆ ಕಾಫಿ ಆರುತ್ತದೆ, ಕೂತವನು ಏಳುವುದಿಲ್ಲ. ಪ್ರೆಂದ್ ಬೆಳೆದ ಮನೆಯಲ್ಲಿ ಅವನ ಅಜ್ಜನೆದುರು ಹೀಗೆ ಆರಿದ ಕಾಫಿಗಳು ಎಷ್ಟೋ.

ಸಂಘದವರ ಜೊತೆ ಅವನು ಮೊದಲ ಸಲ ವಾಷಿಂಗ್ಟನ್‌ಗೆ ಹೋದಾಗ ಅತ್ತ ಹುಟ್ಟೂರಿನಲ್ಲಿ ಶಾಲೆಗಳಿಗೆ ಬೀಗ ಬಿದ್ದಿತ್ತು, ಅಲ್ಬೇನಿಯನ್ ಮಾತಾಡುವ ಮೇಷ್ಟ್ರುಗಳನ್ನೆಲ್ಲ ಸರ್ಕಾರ ಮನೆಗೆ ಕಳಿಸಿತ್ತು. ಅಮೆರಿಕದವರು ಒಂದು ಮಾತು ಆಡಲಿ ಎಂದು ಕೇಳಲು ಹೊರಟವರು ಅವರು. ಇಂಗ್ಲಿಷ್ ಬಲ್ಲ ಗಾಸ್ಪರ್ ಮಾತಿಗೆ, ಕಾರು ಬಲ್ಲ ಪ್ರೆಂದ್ ವ್ಯಾನಿಗೆ. ಸಂಸದನ ಕಚೇರಿಯ ಹೊರಕೋಣೆಯಲ್ಲಿ ಕಾರ್ಯದರ್ಶಿ ಹೆಂಗಸು ಎಲ್ಲರಿಗೂ ಕಾಗದದ ಲೋಟದಲ್ಲಿ ಕಾಫಿ ಕೊಟ್ಟಳು. ಎಲ್ಲರೂ ಕುಡಿದರು. ಪ್ರೆಂದ್ ಲೋಟವನ್ನು ಎದುರಿನ ಮೇಜಿನ ಮೇಲೆ, ಅವಳಿಗೆ ಚೆನ್ನಾಗಿ ಕಾಣುವಂತೆ ಇಟ್ಟ.

“ಕುಡಿಯೋ ಪ್ರೆಂದಣ್ಣ,” ಎಂದ ಗಾಸ್ಪರ್ ಅವನ ಕಿವಿಯಲ್ಲಿ.

“ಕೆಲಸ ಆಗಲಿ.”

“ಇವರಿಗೆ ಇದೆಲ್ಲ ತಿಳಿಯಲ್ಲ ಮಾರಾಯ.”

“ಕಾಫಿ ಕೊಡೋದು ತಿಳಿದವರಿಗೆ, ಯಾಕೆ ಕುಡೀಲಿಲ್ಲ ಅಂತ ಕೇಳೋದು ತಿಳಿಯಲ್ವಾ?”

ಅವಳು ಕೇಳಲಿಲ್ಲ. ಮುಂದಿನ ಸಲ ಅವನಿಗೆ ಮಾತ್ರ ಚಹಾ ತಂದಳು. ಅದನ್ನೂ ಅವನು ಎದುರಿಗಿಟ್ಟುಕೊಂಡು ಕೂತ. ಅದರ ಮುಂದಿನ ಸಲ ಕಿತ್ತಳೆ ರಸ. ಆಮೇಲೆ ಗಾಸ್ಪರನನ್ನು ಪಕ್ಕಕ್ಕೆ ಕರೆದು, ಪಾಪ ಅವರಿಗೆ ಹೊಟ್ಟೆಯ ತೊಂದರೆಯೇ ಎಂದು ವಿಚಾರಿಸಿಕೊಂಡಳು. ಹೌದೆಂದುಬಿಡುವುದು ಗಾಸ್ಪರನಿಗೆ ಸುಲಭವಾಯಿತು. ಅಂದಿನಿಂದ ಪ್ರೆಂದನ ಮುಂದೆ ಉಪ್ಪಿಲ್ಲದ ಎರಡು ಬಿಸ್ಕತ್ತು ಬಂದು ಕೂರತೊಡಗಿದವು. ಮನೆಗೆ ಬಂದು ಅವನು ಹೆಂಡತಿಗೆ ಹೇಳುತ್ತಿದ್ದ: “ಅವಳಿಗೆ ಗೊತ್ತಾಗಿದೆ ಕಣೆ. ಮುಖ ಕೊಡೋಕೆ ಆಗ್ತಿಲ್ಲ, ಅದಕ್ಕೇ ಏನೇನೋ ತಂದಿಡ್ತಾಳೆ.”

*

“ಅತ್ತಿಗೆ, ಒಂದು ಕೇಳಿಕೆ ಇಟ್ಕೊಂಡು ಬಂದಿದೀನಿ,” ಎಂದ ಗಾಸ್ಪರ್, ದಿಲಾ ನಡುಮನೆಗೆ ಮರಳಿದಾಗ.

“ಗೊತ್ತು. ಕಾಫಿ ಹೇಳ್ತಿದೆ.”

ಅವನು ಲೂಲಾಶನ ಕಡೆ ತಿರುಗಿದ. ಹೀಗೆ ಬಂದ ಕೇಳಿಕೆಗೆ ಮನೆಯ ಗಂಡಸು ಉತ್ತರ ಹೇಳುವುದು ರೂಢಿ. ಲೂಲಾಶ್ ಸಿಗರೇಟಿನ ಬೂದಿ ಕೊಡವಿದ. “ನನ್ನ ನೋಡಬೇಡಿ ಅಧ್ಯಕ್ಷರೇ. ಮನೆ ಅತ್ತಿಗೇದು. ಮಾತೂ ಅವಳದ್ದೇ.”

“ಸೋಮವಾರದ ತನಕ ಮಣ್ಣು ತಡೀಬೇಕು,” ಎಂದ ಗಾಸ್ಪರ್.

ಒಳಗೆ ಮ್ರಿಕಾಳ ಹಾಡು ಒಂದು ಉಸಿರಿಗೆ ನಿಂತಿತು.

“ಹೊಸ ಸಂಸದ ಸೋಮವಾರ ಈ ಕಡೆ ಇರ್ತಾನೆ. ಚರ್ಚಿಗೆ ಬರ್ತೀನಿ ಅಂದಿದಾನೆ. ಮಂಗಳವಾರ ಅವರ ಸಮಿತೀಲಿ ಮತ. ನಮ್ಮೂರಲ್ಲಿ ಕಾವಲಿಗಿರೋ ಈ ಅಮೆರಿಕದವರ ಸೇನೆಯನ್ನ ವಾಪಸ್ ಕರೆಸ್ಕೋಬೇಕೋ ಬೇಡವೋ ಅಂತ. ಇವನು ಯಾವ ಕಡೆ ಅಂತ ಇನ್ನೂ ಹೇಳಿಲ್ಲ. ಎಷ್ಟು ಸಲ ಹೋದೆವು, ಎಷ್ಟು ಫೋನ್ ಮಾಡಿಸಿದೆವು! ಜಗ್ಗಲ್ಲ. ಈಗ ತಾನಾಗಿ ಬರ್ತೀನಿ ಅಂತಿದಾನೆ, ಪ್ರೆಂದಣ್ಣನ ಹೆಸರು ಕೇಳಿ. ಪೆಟ್ಟಿಗೆ ಮೇಲೆ ನಮ್ಮ ಬಾವುಟ ಹಾಕಿರ್ತೀವಿ. ಅದರೆದುರು ನಿಂತು ನಿನ್ನ ಕೈ ಹಿಡಿದು ಫೋಟೋ ತೆಗೆಸ್ಕೊಂಡವನು, ಮಾರನೇ ದಿನ ನಮ್ಮ ವಿರುದ್ಧ ಕೈ ಎತ್ತೋಕೆ ಆಗುತ್ತಾ?”

“ಅವನು ಪ್ರೆಂದನ್ನ ನೋಡಿದಾನಾ?” ಎಂದು ದಿಲಾ ಕೇಳಿದಳು.

“ನೋಡಿರಬೇಕು. ಹೊರಕೋಣೇಲಿ.”

ಮೂಲೆಯಲ್ಲಿದ್ದ ಮುದುಕನೊಬ್ಬ ಕೆಮ್ಮಿದ. ಬಿಳಿ ಉಣ್ಣೆಯ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, “ನಿನ್ನ ತಂಗಿ ಇನ್ನೂ ಅಲ್ಲೇ, ಮಿತ್ರೊವಿಸಾದಲ್ಲೇ ಅಲ್ವೇನಮ್ಮ? ಸೇತುವೆ ಪಕ್ಕ?” ಎಂದ.

“ಪಕ್ಕಾನೇ.”

“ಸೇನೆ ಹೋದ್ರೆ ಸೇತುವೆಯಾಚೆಯವರು ಮೊದಲು ಉರಿಸೋದು ಆ ಬೀದಿ.”

ದಿಲಾಳಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ. ತಂಗಿ ಬೆಳಗ್ಗೆ ಫೋನಿನಲ್ಲಿ ಬಹಳ ಹೊತ್ತು ಅತ್ತಿದ್ದಳು. ಅಳುವಿನ ಹಿಂದೆ ಗಸ್ತು ವಾಹನದ ಸದ್ದು ಕೇಳಿತ್ತು.

ಸುಮ್ಮನಿರಲಾರದೆ ಲೂಲಾಶ್ ಮಾತು ತೆಗೆದ. ಸಾವಿನ ಮನೆಯಲ್ಲಿ ಸತ್ತವನ ನಗೆಮಾತು ಎತ್ತಿದರೆ ಬೇಡವೆನ್ನುವವರಿಲ್ಲ.

“ಅಣ್ಣ ಕೊನೆಗೆ ವಾಷಿಂಗ್ಟನ್‌ನಲ್ಲಿ ಕಾಫಿ ಕುಡಿದ ಕತೆ ಗೊತ್ತಾ ನಿಮಗೆ? ಯುದ್ಧ ನಿಂತು, ಇವರ ಸೇನೆ ಊರಿಗೆ ಇಳೀತಲ್ಲ, ಆ ವಾರ. ನನ್ನನ್ನೂ ಎಳ್ಕೊಂಡು ಹೋದ. ಯಾವ ಭೇಟಿ ಇಲ್ಲ, ಏನಿಲ್ಲ. ‘ಕೇಳಿದ್ದು ಆಯ್ತಲ್ಲೋ, ಇನ್ನು ಕುಡಿಯದೆ ಇದ್ರೆ ತಪ್ಪಾಗುತ್ತೆ’ ಅಂದ. ಸೂಟು, ಬೂಟು, ತಲೆಗೆ ಎಣ್ಣೆ. ಮದುಮಗ!”

“ಕೊಟ್ರಾ?” ಎಂದ ಮುದುಕ.

“ಎಲ್ಲಿ! ಆ ಹೆಂಗಸು ಕೆಲಸ ಬಿಟ್ಟು ಹೋಗಿದ್ಲಂತೆ. ಹೊಸ ಹುಡುಗಿ, ‘ಯಾರು ನೀವು?’ ಅಂದ್ಲು. ಕಾಫಿ ಕುಡಿಯೋಕೆ ಬಂದಿದೀವಿ ಅಂದೆ ನಾನು. ಕ್ಯಾಂಟೀನು ನೆಲಮಾಳಿಗೇಲಿದೆ, ಎಡಕ್ಕೆ ತಿರುಗಿ ಅಂದ್ಲು.”

ಗಂಡಸರು ನಕ್ಕರು. ಗಾಸ್ಪರನೂ ನಕ್ಕ, ಕಣ್ಣೊರೆಸಿಕೊಂಡ.

“ಹೋದ್ರಾ?”

“ಹೋಗದೆ? ಸಾಲಲ್ಲಿ ನಿಂತು ತಗೊಂಡ. ಒಂದೇ ಗುಟುಕು. ‘ಹೇಗಿದೆ?’ ಅಂದೆ. ‘ಆರಿದೆ ಕಣೋ’ ಅಂದ.”

ನಗು ಮೆಲ್ಲಗೆ ಇಳಿಯಿತು. ಗಾಸ್ಪರನೆದುರಿನ ಕಾಫಿಯ ಮೇಲೆ ತೆಳ್ಳನೆಯ ಪೊರೆ ಕಟ್ಟಿತ್ತು.

*

ಯುದ್ಧಕ್ಕೆ ಮುಂಚೆ ಪ್ರೆಂದನ ತಾಯಿ ತೀರಿಕೊಂಡ ಸುದ್ದಿ ಬಂದದ್ದೂ ಫೋನಿನಲ್ಲೇ, ಬೆಳಕು ಹರಿಯುವ ಮೊದಲು. ಊರಿಗೆ ಹೋಗುವ ಮಾತೇ ಇರಲಿಲ್ಲ. ಗಡಿಯಲ್ಲಿ ಅವನ ಹೆಸರು ಬರೆದಿಟ್ಟುಕೊಂಡು ಪೊಲೀಸರು ಕಾಯುತ್ತಿದ್ದ ಕಾಲ. ಲೂಲಾಶ್ ಆಗಿನ್ನೂ ಅಮೆರಿಕಕ್ಕೆ ಬಂದಿರಲಿಲ್ಲ. ಆದರೆ ಸಾವು ಎಲ್ಲಿಯದಾದರೇನು, ಮಗನಿದ್ದ ಕಡೆ ಬಾಗಿಲು ತೆರೆಯಬೇಕು, ಮಗ ಕುರ್ಚಿಯಲ್ಲಿ ಕೂರಬೇಕು, ಜನ ಬಂದು ಕೈ ಹಿಡಿಯಬೇಕು. ದಿಲಾ ಕುರ್ಚಿಗಳನ್ನು ಗೋಡೆಗೆ ಸರಿಸಿ, ಸಕ್ಕರೆ ಡಬ್ಬಿ ಮೇಲಿಟ್ಟು, ಬಾಗಿಲು ತೆರೆದಳು.

ಮೊದಲು ಒಳಗೆ ಬಂದವನು ಗಾಸ್ಪರ್. ಕೆಳಗೆ ವ್ಯಾನು ಸಜ್ಜಾಗಿ ನಿಂತಿತ್ತು. ಅಂದು ಸಮಿತಿಯ ಮುಂದೆ ವಿಚಾರಣೆ; ತಿಂಗಳುಗಟ್ಟಲೆ ಬಾಗಿಲು ತಟ್ಟಿದ ಮೇಲೆ ಸಿಕ್ಕ ದಿನ.

“ಬೇರೆ ಯಾರನ್ನಾದ್ರೂ ಕಳಿಸ್ತೀನಿ,” ಎಂದ ಪ್ರೆಂದ್.

“ಅಷ್ಟು ದೂರ ವ್ಯಾನು ಓಡಿಸೋರು ಯಾರಿದಾರೆ? ಸತ್ತವರು ಕಾಯ್ತಾರೆ ಪ್ರೆಂದಣ್ಣ. ಅಲ್ಲಿರೋರು ಕಾಯಲ್ಲ.”

ಪ್ರೆಂದ್ ಹೆಂಡತಿಯ ಕಡೆ ನೋಡಿದ. ಅವಳು ಏನೂ ಹೇಳಲಿಲ್ಲ. ಆಗ ಅವಳು ಹೇಳುತ್ತಲೂ ಇರಲಿಲ್ಲ. ಅವನು ಕಪ್ಪು ಬೂಟು ಹಾಕಿಕೊಂಡು ಮೆಟ್ಟಿಲಿಳಿದ.

ದಿನವಿಡೀ ಜನ ಬಂದರು. ಬಾಗಿಲಲ್ಲಿ ಎದ್ದು ಕೈಕೊಡುವ ಗಂಡಸಿಲ್ಲದ ಸಾವಿನ ಮನೆ. ಖಾಲಿ ಕುರ್ಚಿ ನೋಡಿ, ಕಹಿ ಕಾಫಿ ಕುಡಿದು, ಕಣ್ಣು ತಪ್ಪಿಸಿ ಹೋದರು. ಹಿರಿಯನೊಬ್ಬ ಕೇಳಿಯೇಬಿಟ್ಟ. “ಮನೆಯವನು ಎಲ್ಲಮ್ಮ?”

“ವಾಷಿಂಗ್ಟನ್‌ಗೆ ಹೋಗಿದಾನೆ.”

“ಅಲ್ಲೂ ಯಾರಾದ್ರೂ ಸತ್ರಾ?”

ಅವಳ ಲಂಗ ಹಿಡಿದು ನಿಂತಿದ್ದ ಪುಟ್ಟ ವಿಟೋರೆ “ಇಲ್ಲ” ಎಂದು ಉತ್ತರ ಕೊಟ್ಟಿದ್ದಳು.

ಜನವೆಲ್ಲ ಹೋಗಿ ಕುರ್ಚಿಗಳಷ್ಟೇ ಉಳಿದ ಮೇಲೆ ಪ್ರೆಂದ್ ಬಂದ. ಸೂಟು ಬಿಚ್ಚದೆ ಆ ಕುರ್ಚಿಯಲ್ಲಿ ಕೂತ. ಇನ್ನು ಬರುವವರು ಯಾರೂ ಇರಲಿಲ್ಲ. ದಿಲಾ ಅವನಿಗೆ ಕಾಫಿ ಕೊಟ್ಟು ಎದುರು ಕೂತಳು. ಅವತ್ತು ಅವನ ಕೈ ಹಿಡಿದು “ದೇವರು ನಿನ್ನ ಚೆನ್ನಾಗಿಟ್ಟಿರಲಿ” ಎಂದವಳು ಅವಳೊಬ್ಬಳೇ.

“ಏನಾಯ್ತು ಅಲ್ಲಿ?” ಎಂದು ಆಮೇಲೆ ಕೇಳಿದಳು.

“ಸಭೆ ಮುಂದಕ್ಕೆ ಹೋಯ್ತು. ಮುಂದಿನ ವಾರ ಬನ್ನಿ ಅಂದ್ರು.”

*

ವಿಟೋರೆ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. “ಡಿಕ್ಕೀಲೇ ಇತ್ತಮ್ಮ. ಪಾಲಿಶ್ ಡಬ್ಬಿ, ಬ್ರಶ್ಶು, ಎಲ್ಲ.”

ದಿಲಾ ಬೂಟುಗಳನ್ನು ಹೊರತೆಗೆದು ಮಗುಚಿ ನೋಡಿದಳು. ಮೇಲಿನ ಚರ್ಮ ಮಡಿಕೆ ಬಿದ್ದು ಹಳತಾಗಿತ್ತು. ಅಡಿ ಹೊಸದರ ಹಾಗೇ ಇತ್ತು; ಕಂಪನಿಯ ಅಚ್ಚು ಕೂಡ ಅಳಿಸಿರಲಿಲ್ಲ. ಅವನು ಅದನ್ನು ಹಾಕಿಕೊಂಡು ನಡೆದದ್ದು ಕಡಿಮೆ, ಕೂತದ್ದೇ ಹೆಚ್ಚು.

ಒಳಕೋಣೆಯ ಬಾಗಿಲಿಗೆ ಬಂದಿದ್ದ ಮ್ರಿಕಾ ಅವನ್ನು ಅವಳ ಕೈಯಿಂದ ತೆಗೆದುಕೊಂಡು ಎದೆಗೊತ್ತಿಕೊಂಡಳು. ಗಂಡಸರಿದ್ದಾರೆಂದು ನೋಡಲಿಲ್ಲ, ನಿಂತಲ್ಲೇ ಹಾಡಿದಳು.

“ಕಾದೇ ಕಾದವು ಕಾಲು, ಹಾದಿ ತುಳಿಯಲೇ ಇಲ್ಲ,
ಹೆತ್ತವಳ ಕುಣಿಯಲ್ಲಿ ಹಿಡಿಮಣ್ಣು ಬೀಳಲಿಲ್ಲ.
ಬಾಗಿಲುಗಳ ಬಲ್ಲವನೆ, ಒಳಮನೆಯ ಕಂಡಿಲ್ಲ,
ನಡೆಯೋ ತಮ್ಮ ನಡೆ, ಇನ್ನು ತಡೆವವರಿಲ್ಲ.”

ಕೊನೆಯ ಸಾಲಿಗೆ ಗಂಡಸರು ತಲೆ ತಗ್ಗಿಸಿದರು. ದಿಲಾ ಕಣ್ಣು ಮುಚ್ಚಿ ಕೇಳಿದಳು. ಹಾಡಿನಲ್ಲಿ ಬಂದ ಮಾತನ್ನು ತಿದ್ದುವ ಹಾಗಿಲ್ಲ, ಸತ್ತವನು ಕೇಳಿಸಿಕೊಳ್ಳುತ್ತಿರುತ್ತಾನೆ ಎಂದು ಅವಳ ತಂದೆ ಹೇಳುತ್ತಿದ್ದ.

ವಿಟೋರೆ ಅಮ್ಮನ ತೋಳು ಮುಟ್ಟಿದಳು. ಗಾಸ್ಪರ್ ಕೇಳಿದ್ದೇನೆಂದು ಲೂಲಾಶ್ ಅವಳಿಗೆ ಪಿಸುದನಿಯಲ್ಲಿ ಹೇಳಿದ್ದ. “ಅಮ್ಮ... ಎರಡು ದಿನ ಅಷ್ಟೇ. ಅಪ್ಪ ಇದ್ದಿದ್ರೆ ಬೇಡ ಅಂತಿದ್ನಾ? ಚಿಕ್ಕಮ್ಮ ಅಲ್ಲಿದಾಳೆ.”

“ಬೇಡ ಅಂತಿರಲಿಲ್ಲ,” ಎಂದಳು ದಿಲಾ. “ಯಾವತ್ತೂ ಅಂದಿಲ್ಲ.”

ಗಾಸ್ಪರನ ಮುಖದಲ್ಲಿ ಜೀವ ಬಂತು. ಮುಂದಕ್ಕೆ ಬಾಗಿದ. “ನೋಡು, ಮಗಳಿಗೆ ಅರ್ಥ ಆಗಿದೆ. ಪಾದ್ರಿಯ ಹತ್ತಿರ ನಾನು ಮಾತಾಡ್ತೀನಿ, ಸ್ಮಶಾನದವರ ಹತ್ತಿರಾನೂ ನಾನೇ. ನೀನು ಒಂದು ಮಾತು ಅನ್ನು, ಸಾಕು. ನನ್ನ ತಮ್ಮ ಅದೇ ನೆಲದಲ್ಲಿ ಮಣ್ಣಾಗಿದಾನೆ ಅತ್ತಿಗೆ, ನನಗೋಸ್ಕರ ಕೇಳ್ತಿಲ್ಲ. ಪ್ರೆಂದಣ್ಣ ಕಾಯ್ತಾನೆ. ಅವನಿಗೆ ಕಾಯೋದೇನು ಹೊಸದಲ್ಲ.”

ಬೀದಿಯಲ್ಲಿ ಕಾರುಗಳು ಬಂದು ನಿಲ್ಲುವ ಸದ್ದಾಯಿತು. ಯಾರೋ ಕೆಳಗಿನಿಂದ ಲೂಲಾಶನ ಹೆಸರು ಕೂಗಿದರು. ಲೂಲಾಶ್ ಏಳಲಿಲ್ಲ, ಅತ್ತಿಗೆಯ ಬಾಯನ್ನೇ ನೋಡುತ್ತಿದ್ದ. ಮುದುಕ ಟೋಪಿಯನ್ನು ತಲೆಗೇರಿಸಿ, ಮತ್ತೆ ತೆಗೆದ.

ದಿಲಾ ಮ್ರಿಕಾಳ ಕೈಯಿಂದ ಬೂಟು ಬಿಡಿಸಿಕೊಂಡಳು. ತಲೆಬಟ್ಟೆಯ ತುದಿಯಿಂದ ಒಂದೊಂದನ್ನೂ ಒರೆಸಿ, ಜೋಡಿಸಿ, ಮಗಳ ಕೈಗಿಟ್ಟಳು. “ಓಡು. ಪೆಟ್ಟಿಗೆ ಮುಚ್ಚೋದರೊಳಗೆ ಹಾಕಿಸು. ದಾರ ಕಟ್ಟು ಅಂತ ಹೇಳು, ಸಡಿಲ ಬಿಡಬಾರದು.”

ವಿಟೋರೆ ಗಾಸ್ಪರನನ್ನೂ ಅಮ್ಮನನ್ನೂ ನೋಡಿದಳು. ಆಮೇಲೆ ಹೊರಟಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಬಹಳ ಹೊತ್ತು ಕೇಳಿತು.

ಗಾಸ್ಪರ್ ಇನ್ನೂ ಕೂತೇ ಇದ್ದ. ಅವನ ಬಲಗೈ ಕಪ್ಪಿನ ಹತ್ತಿರ ಬಂದು ಮೇಜಿನ ಮೇಲೆ ನಿಂತಿತ್ತು. ಮಾತೊಂದು ಬಿದ್ದರೆ ಎತ್ತಿಕೊಳ್ಳುವಷ್ಟು ಹತ್ತಿರ.

ರೈಲು ಹಾದುಹೋಯಿತು. ಅಂಚಿನವರೆಗೆ ತುಂಬಿದ್ದ ಕಾಫಿ ನಡುಗಿತು, ಚೆಲ್ಲಲಿಲ್ಲ. ದಿಲಾ ಅವನೆದುರು ಬಗ್ಗಿ, ಬಸಿಯ ಸಮೇತ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಖಾಲಿ ಕಪ್ಪುಗಳ ನಡುವೆ ತಟ್ಟೆಯಲ್ಲಿಟ್ಟಳು.

“ಕುಡೀಬೇಡ, ಗಾಸ್ಪರ್.”